ಎಡಗಾಲಿನ ಇನ್‌ಸ್ಪೆಕ್ಟರು

ನಮ್ಮ ಮಾವನ ಕಣ್ಣಿನಲ್ಲಿ ಈವರೆಗೆ ಪಾಸಾಗಿರುವುದು ಈ ಭೂಮಂಡಲದಲ್ಲಿ ಒಂದೇ ಒಂದು ವಸ್ತು. ಅದು ಸ್ವತಃ ನಮ್ಮ ಮಾವ! ಉಳಿದದ್ದೆಲ್ಲ ಒಂದೋ ರಿಜೆಕ್ಟ್ ಆಗಿದೆ, ಇಲ್ಲವೇ ಪರಿಶೀಲನೆಯಲ್ಲಿದೆ. ಅತ್ತೆ ಮದುವೆಯಾಗಿ ಬಂದ ದಿನದಿಂದ ಪರಿಶೀಲನೆಯಲ್ಲಿದ್ದಾರೆ. ನಾನು ತೊಟ್ಟಿಲಲ್ಲೇ ರಿಜೆಕ್ಟ್.

ಬೈಯುತ್ತಿಲ್ಲ, ಅದು ಅವರ ಹೊಟ್ಟೆಪಾಡು. ನೈರೋಬಿಯ ಒಂದು ಔಷಧ ಕಾರ್ಖಾನೆಯಲ್ಲಿ ಅವರು ಗುಣಮಟ್ಟ ವಿಭಾಗದ ಮ್ಯಾನೇಜರು. ಪ್ರಾಯದಲ್ಲಿ ಮೈಸೂರಿನ ಒಂದು ಕಂಪನಿಯಲ್ಲಿ ಬೆಲ್ಟಿನ ಮುಂದೆ ಕೂತು, ಸಾಲಾಗಿ ಸಾಗಿಬರುವ ಬಿಳಿ ಮಾತ್ರೆಗಳಲ್ಲಿ ಮುಕ್ಕಾದದ್ದು, ಚುಕ್ಕಿ ಬಿದ್ದದ್ದು ಕಂಡರೆ ಚಕ್ಕನೆ ಎತ್ತಿ ಬುಟ್ಟಿಗೆ ಎಸೆಯುವುದೇ ಅವರ ಕೆಲಸವಾಗಿತ್ತು. ಈಗ ಆ ಕೆಲಸಕ್ಕೆ ಬೇರೆಯವರಿದ್ದಾರೆ. ಆದರೆ ಕಣ್ಣಿಗೆ ಯಾರೂ ಬಡ್ತಿ ಕೊಟ್ಟಿಲ್ಲ ನೋಡಿ! ಮನೆಗೆ ಬಂದರೆ ಇಡ್ಲಿಯನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಇಡ್ಲಿಯ ಆಚೆ ಅವರಿಗೆ ಏನು ಕಾಣುತ್ತದೋ ಇಡ್ಲಿಗೂ ಗೊತ್ತಿಲ್ಲ.

ಇಂಥ ಮನೆಯಲ್ಲಿ ನಾನು ಯಾಕಿದ್ದೇನೆ? ಅತ್ತೆಯ ಸಾರಿಗಾಗಿ. ವೆಸ್ಟ್‌ಲ್ಯಾಂಡ್ಸ್‌ನ ಟೆಲಿಕಾಂ ಆಫೀಸಿಗೆ ಬೆಂಗಳೂರಿನಿಂದ ನನ್ನನ್ನು ಕಳಿಸಿದಾಗ ಕಂಪನಿಯವರು ಒಳ್ಳೆಯ ಗೆಸ್ಟ್‌ಹೌಸನ್ನೇ ಕೊಟ್ಟಿದ್ದರು. ಅದನ್ನು ಬಿಟ್ಟು ರಿವರ್‌ಸೈಡ್‌ನಲ್ಲಿರುವ ಮಾವನ ಫ್ಲಾಟಿಗೆ ಪೆಟ್ಟಿಗೆ ಸಮೇತ ಬಂದು ಬಿದ್ದೆ. ನನಗಿರುವುದು ಒಂದೇ ವಿದ್ಯೆ, ಮಿಮಿಕ್ರಿ. ಬಾಸು, ಪುರೋಹಿತರು, ಮಟಾಟು ಎಂಬ ಇಲ್ಲಿನ ಮಿನಿಬಸ್ಸಿನ ಕಂಡಕ್ಟರು, ಲಿಫ್ಟಿನೊಳಗಿನ ಹೆಂಗಸಿನ ಧ್ವನಿ, ಕ್ರೀಡಾಂಗಣದಲ್ಲಿ ಮೈಕು ಹಿಡಿದವನು, ಯಾರನ್ನೂ ಬಿಟ್ಟಿಲ್ಲ. ಕನ್ನಡಿಯ ಮುಂದೆ ನನ್ನನ್ನೇ ಮಾಡಿಕೊಂಡು ನಕ್ಕಿದ್ದೂ ಉಂಟು. ಒಂದು ಭಾನುವಾರ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದಾಗ ಮಾವನನ್ನೇ ಮಾಡಿ ತೋರಿಸಿದೆ. ಕೆಮ್ಮು, ಕನ್ನಡಕ, ಉದ್ದನೆಯ "ಊಹೂಂ", ಎಲ್ಲ ಸೇರಿಸಿ. ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮಾತ್ರ ಪೂರ್ತಿ ನೋಡಿ, "ಊಹೂಂ. ಕೆಮ್ಮು ಮೊದ್ಲು ಬರ್ಬೇಕು, ಕನ್ನಡಕ ಆಮೇಲೆ ತೆಗೀಬೇಕು. ರಿಜೆಕ್ಟ್" ಅಂದರು. ಮಾವನ ನಕಲಿಗೂ ಮಾವನ ಸಹಿ ಸಿಗಲಿಲ್ಲ ಎಂದ ಮೇಲೆ ಮಿಕ್ಕವರ ಪಾಡೇನು ಹೇಳಿ!

ಇಂಥವರ ಕೈಗೆ ಒಂದು ದೇಶದ ಮಾನ ಸಿಕ್ಕಿತು. ಅದು ಹೇಗೆ ಅಂತ ಹೇಳಿಬಿಡುತ್ತೇನೆ.

ಜುಲೈ ತಿಂಗಳು. ನೈರೋಬಿಯ ಬೆಳಗಿನ ಚಳಿಗೆ ಮಂಕಿ ಕ್ಯಾಪು, ಸ್ವೆಟರು, ಮಳೆ ಬರದಿದ್ದರೂ ಕೈಯಲ್ಲೊಂದು ಛತ್ರಿ ಹಿಡಿದು ಮಾವ ವಾಕಿಂಗ್ ಹೊರಡುತ್ತಾರೆ. ರಿವರ್‌ಸೈಡ್ ರಸ್ತೆಯಲ್ಲಿ ತಮ್ಮನ್ನು ಹಿಂದಿಕ್ಕುವವರು ಯಾರೂ ಇಲ್ಲ ಎಂಬುದು ಅವರ ಹೆಮ್ಮೆ. ನಿಜ, ಅಷ್ಟು ಹೊತ್ತಿಗೆ ಆ ರಸ್ತೆಯಲ್ಲಿ ಯಾರೂ ಇರುವುದಿಲ್ಲ. ನಾನು ಹಿಂದಿನಿಂದ ಆಕಳಿಸುತ್ತ ಹೋಗುತ್ತೇನೆ. ಅವತ್ತು ನಮ್ಮಿಬ್ಬರ ಪಕ್ಕದಿಂದ ಒಬ್ಬ ತೆಳ್ಳನೆಯ ಹುಡುಗಿ ಸೊಂಟ ಕುಣಿಸುತ್ತ, ಮೊಣಕೈ ಬೀಸುತ್ತ, ಗಾಳಿಯ ಹಾಗೆ ಸುಯ್ಯನೆ ಹೋದಳು. ಮಾವ ನಿಂತರು.

"ಏನೋ ಇದು? ನಡೀತಿದಾಳೋ, ಓಡ್ತಿದಾಳೋ?"

"ನಡಿಗೆ ಸ್ಪರ್ಧೆ ಇರುತ್ತಲ್ಲ ಮಾವ, ಅದರ ಪ್ರ್ಯಾಕ್ಟೀಸು."

"ನಡಿಗೆ ಅಂದ್ಮೇಲೆ ಒಂದು ಕಾಲಾದ್ರೂ ನೆಲದ ಮೇಲೆ ಇರ್ಬೇಕು ತಾನೆ? ಎಡಗಾಲು ಬಂದು ಊರೋ ಮೊದ್ಲೇ ಬಲಗಾಲು ಎದ್ದಾಯ್ತು. ಒಂದು ಕ್ಷಣ ಎರಡೂ ಗಾಳೀಲಿ!"

ನನಗೆ ಕಾಲೇ ಕಂಡಿರಲಿಲ್ಲ, ಬರೀ ಬೂಟಿನ ಬಣ್ಣ ಕಂಡಿತ್ತು. ನಾನು ಬಾಯಿ ಮುಚ್ಚಿಸುವ ಮೊದಲೇ ಮಾವ ಛತ್ರಿ ಎತ್ತಿ ಕೂಗಿದರು: "ಎಕ್ಸ್‌ಕ್ಯೂಸ್ ಮಿ! ಮೇಡಂ! ಯುವರ್ ಲೆಫ್ಟ್ ಫುಟ್ ಈಸ್ ಲೇಟ್! ಎವ್ವೆರಿ ಟೈಮ್ ಲೇಟ್!"

ಪರದೇಶದ ರಸ್ತೆಯಲ್ಲಿ ಅಪರಿಚಿತ ಹೆಣ್ಣುಮಗಳಿಗೆ ಕೂಗಿ ಹೇಳುವ ಮಾತೇ ಇದು? ಇವತ್ತು ಪೊಲೀಸ್ ಠಾಣೆಯಲ್ಲಿ ಮಾವನ ಕೆಮ್ಮು, ನನ್ನ ಅಳು ಎರಡೂ ಅಸಲಿಯೇ ಅಂದುಕೊಂಡೆ. ಹುಡುಗಿ ತಿರುಗಿ ಬಂದಳು. ಮುಖದಲ್ಲಿ ಸಿಟ್ಟಿಲ್ಲ, ಕಳೆದುಕೊಂಡ ಬೀಗದ ಕೈ ಯಾರದೋ ಜೇಬಿನಲ್ಲಿ ಕಂಡಂತೆ ಬೆರಗು. "ಲೆಫ್ಟ್? ಬರೀ ಕಣ್ಣಿಗೆ ಕಾಣಿಸಿತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಕಾಣದೇ ಏನು!" ಎಂದರು ಮಾವ, ಮಂಕಿ ಕ್ಯಾಪು ಸರಿಮಾಡಿಕೊಳ್ಳುತ್ತ.

ಹೀಗೆ ಪರಿಚಯವಾದವಳು ಮರಿಯಾಮಾ. ಊರು ಕೊಮೊರೋಸ್. ಎಲ್ಲಿದೆ ಅಂತ ಕೇಳಬೇಡಿ, ನಾನೂ ಅವತ್ತೇ ನೋಡಿದ್ದು. ಆಫ್ರಿಕಾದ ಪೂರ್ವಕ್ಕೆ ಕಡಲಿನಲ್ಲಿ ಸಾಸಿವೆ ಚೆಲ್ಲಿದಂತೆ ಒಂದಷ್ಟು ದ್ವೀಪ. ನಕಾಶೆಯಲ್ಲಿ ದೇಶದ ಹೆಸರು ದೇಶದೊಳಗೆ ಹಿಡಿಸದೆ ಸಮುದ್ರದಲ್ಲಿ ಬರೆದಿರುತ್ತಾರೆ! ಅಲ್ಲಿಂದ ಒಂದು ಅಂತಾರಾಷ್ಟ್ರೀಯ ಕ್ರೀಡಾಕೂಟಕ್ಕೆ ಹೊರಟಿದ್ದ ತಂಡ ಬೆರಳೆಣಿಕೆಯಷ್ಟು. ನಮ್ಮ ಅಪಾರ್ಟ್‌ಮೆಂಟಿನ ನೀರಿನ ಕಮಿಟಿಯಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ, ಮತ್ತು ಅವರಿಂದ ನೀರೂ ಬಂದಿಲ್ಲ. ಮರಿಯಾಮಾ ನೈರೋಬಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಎತ್ತರದ ಊರಿನ ತೆಳು ಗಾಳಿಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅವಳ ಕೋಚು ದ್ವೀಪದಲ್ಲೇ ಕೂತು ಫೋನಿನ ವಿಡಿಯೋ ನೋಡಿ ಸಲಹೆ ಕೊಡುತ್ತಿದ್ದ. ನಡಿಗೆ ಸ್ಪರ್ಧೆಯಲ್ಲಿ ಅವಳು ತನ್ನ ದೇಶಕ್ಕೇ ಮೊದಲಿಗಳು. ಕೊನೆಯವಳೂ ಅವಳೇ, ಏಕೆಂದರೆ ಎರಡನೆಯವಳು ಇಲ್ಲ.

ಓಟಗಾರರ ದೇಶಕ್ಕೆ ಬಂದು ನಡಿಗೆ ಕಲಿಯುವುದೆಂದರೆ ಸಾಮಾನ್ಯ ಅವಮಾನವೇ? ನಮ್ಮ ಗೇಟಿನ ಅಸ್ಕಾರಿ, ಅಂದರೆ ಕಾವಲುಗಾರ, ಇದನ್ನು ಕೇಳಿ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದ. "ಕೆನ್ಯಾದಲ್ಲಿ ನಡೆದುಕೊಂಡು ಹೋಗುವವನು ಅಂದರೆ ಮಟಾಟು ತಪ್ಪಿಸಿಕೊಂಡವನು, ಬಾಸ್!" ಅಂದ.

ಆದರೆ ಅವಳ ಕಷ್ಟ ಬೇರೆಯೇ ಇತ್ತು. ನಡಿಗೆ ಸ್ಪರ್ಧೆಗೆ ಎರಡೇ ಕಾನೂನು. ಎರಡೂ ಕಾಲು ಒಟ್ಟಿಗೆ ನೆಲ ಬಿಡಬಾರದು, ಊರಿದ ಕಾಲಿನ ಮಂಡಿ ಬಾಗಬಾರದು. ಸುತ್ತ ನಿಂತ ತೀರ್ಪುಗಾರರು ತಪ್ಪು ಕಂಡರೆ ಕೆಂಪು ಚೀಟಿ ಬರೆಯುತ್ತಾರೆ. ಮೂರು ಚೀಟಿ ಬಿದ್ದರೆ ಅರ್ಧದಲ್ಲೇ ಆಚೆಗೆ. ಹಿಂದಿನ ಎರಡು ಕೂಟಗಳಲ್ಲೂ ಮರಿಯಾಮಾ ಹಾಗೆ ಆಚೆ ಬಿದ್ದಿದ್ದಳು. ಈ ಸಲವೂ ಬಿದ್ದರೆ ತಂಡದಲ್ಲಿ ಆ ಒಂದು ಜಾಗ ಮುಂದೆ ಬೇರೆ ಆಟಕ್ಕೆ ಹೋಗುತ್ತದೆ. ಅವಳ ದೇಶದಲ್ಲಿ ನಡಿಗೆಯೇ ಮುಗಿದಂತೆ.

"ಪದಕದ ಕನಸಿಲ್ಲ. ಕೊನೆಯ ಗೆರೆ ದಾಟಬೇಕು, ಅಷ್ಟೇ. ಒಂದು ಸಲ ದಾಟಬೇಕು," ಅಂದಳು.

ನಾನು "ಅಷ್ಟೇನಾ?" ಅನ್ನುವಂತೆ ನೋಡಿದೆ. ಮಾವ ನನ್ನನ್ನು ಕಪ್ಪು ಚುಕ್ಕಿ ಬಿದ್ದ ಮಾತ್ರೆ ನೋಡಿದ ಹಾಗೆ ನೋಡಿದರು. ಅವತ್ತಿನಿಂದ, ಯಾರೂ ನೇಮಿಸದಿದ್ದರೂ, ಅವರು ಆ ದೇಶದ ಎಡಗಾಲಿನ ಇನ್‌ಸ್ಪೆಕ್ಟರಾದರು.

ಬೆಲ್ಟಿನ ಮೇಲಿನ ದೋಷ ಕಾಣಬೇಕಾದರೆ ಕಣ್ಣು ಬೆಲ್ಟಿನ ಮಟ್ಟಕ್ಕೇ ಇರಬೇಕು ಎಂಬುದು ಮಾವನ ವೃತ್ತಿಧರ್ಮ. ಹಾಗಾಗಿ ಮರುದಿನ ರಿವರ್‌ಸೈಡ್‌ನ ಫುಟ್‌ಪಾತಿನ ಮೇಲೆ ಔಷಧ ಕಂಪನಿಯ ಹಿರಿಯ ಮ್ಯಾನೇಜರು, ಅರವತ್ತರ ಅಂಚಿನವರು, ಹಳೆಯ ಬೆಡ್‌ಶೀಟ್ ಹಾಸಿ ಬೋರಲು ಮಲಗಿದರು! ಕೆನ್ನೆ ನೆಲಕ್ಕೆ, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮರಿಯಾಮಾಳ ಬೂಟಿಗೆ. ನಾನು ಪರಿಚಯವೇ ಇಲ್ಲದವನಂತೆ ಒಂದು ಮರ ನೋಡುತ್ತ ನಿಂತೆ.

ಮಲಗಲು ಆರಿಸಿಕೊಂಡ ಜಾಗವಾದರೂ ಎಂಥದ್ದು? ಒಂದು ರಾಯಭಾರ ಕಚೇರಿಯ ಗೋಡೆಯ ಬುಡ. ಐದು ನಿಮಿಷವಾಗಲಿಲ್ಲ, ಇಬ್ಬರು ಕಾವಲಿನವರು ಓಡಿಬಂದರು. "ಮ್ಝೇ! ಉಕೊ ಸವಾ?" ಹಿರಿಯರೇ, ಚೆನ್ನಾಗಿದ್ದೀರಾ ಅಂತ.

"ಸವಾ, ಸವಾ! ಡೋಂಟ್ ಬ್ಲಾಕ್ ದ ಲೈಟ್!" ಎಂದರು ಮಾವ, ಮಲಗಿದಲ್ಲಿಂದಲೇ.

ಒಬ್ಬ ನನ್ನ ಕಡೆ ತಿರುಗಿ, ಇವರೇನು ಮಾಡುತ್ತಿದ್ದಾರೆ ಎಂದು ಕೇಳಿದ. ನನ್ನ ಬಾಯಿಗೆ ಬಂದದ್ದು ಸತ್ಯವೇ: "ಕ್ವಾಲಿಟಿ ಇನ್‌ಸ್ಪೆಕ್ಷನ್."

ಅವನ ಮುಖ ಅರಳಿತು. "ಅಂತೂ ಬಂದಿರಲ್ಲ!" ಎಂದು ಮಾವನನ್ನು ರಟ್ಟೆ ಹಿಡಿದು ಎಬ್ಬಿಸಿ, ಗೇಟಿನ ಮುಂದೆ ವರ್ಷದಿಂದ ಬಾಯಿ ತೆರೆದುಕೊಂಡಿದ್ದ ಗುಂಡಿಯ ಹತ್ತಿರ ಕರೆದುಕೊಂಡು ಹೋದ. ಬೇರೆ ಯಾರಾದರೂ ಆಗಿದ್ದರೆ "ನಾನು ರಸ್ತೆ ಇಲಾಖೆಯವನಲ್ಲಪ್ಪ" ಅನ್ನುತ್ತಿದ್ದರು. ಮಾವ ಕುಕ್ಕರಗಾಲಿನಲ್ಲಿ ಕೂತು, ಗುಂಡಿಯ ಆಳಕ್ಕೆ ಛತ್ರಿ ಇಳಿಸಿ ನೋಡಿ, ಗಂಭೀರವಾಗಿ ತೀರ್ಪು ಕೊಟ್ಟರು: "ರಿಜೆಕ್ಟ್."

ಆಮೇಲೆ ಕೆಂಪು ಚೀಟಿಯ ಪರ್ವ ಶುರುವಾಯಿತು. ಅಭ್ಯಾಸದಲ್ಲೂ ಚೀಟಿ ತೋರಿಸದಿದ್ದರೆ ಭಯ ಹುಟ್ಟುವುದಿಲ್ಲ ಎಂದು ಮಾವ ಮನೆಯಲ್ಲಿದ್ದ ಮದುವೆಯ ಕರೆಯೋಲೆಗಳನ್ನು ಕತ್ತರಿಸಿದರು. ಅದೂ ಅತ್ತೆಯ ಕಡೆಯವರದ್ದನ್ನೇ ಆರಿಸಿ.

"ರೀ! ಅದು ನಮ್ಮಣ್ಣನ ಮಗಳ ಮದುವೇದು!"

"ಮದ್ವೆ ಮುಗೀತಲ್ಲೇ. ಇನ್ನೇನು, ಇನ್ನೊಂದ್ಸಲ ಹೋಗ್ತೀಯಾ?"

ಒಂದು ಕಡೆ ಕಡುಗೆಂಪು, ಇನ್ನೊಂದು ಕಡೆ ಚಿನ್ನದ ಬಣ್ಣದ ಗಣಪತಿ. ವಿಘ್ನ ನಿವಾರಕನೇ ಖುದ್ದಾಗಿ ಬಂದು ವಿಘ್ನ ತೋರಿಸಿದ ಹಾಗೆ! ಚೀಟಿ ಜೇಬಿಗೆ ಬಂದದ್ದೇ ಮಾವನಿಗೆ ಕೈ ನಿಲ್ಲಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಅತ್ತೆಗೆ ಕೆಂಪು. ಸ್ನಾನ ತಡವಾದರೆ ನನಗೆ ಕೆಂಪು. ವೆಸ್ಟ್‌ಲ್ಯಾಂಡ್ಸ್‌ನ ಟ್ರಾಫಿಕ್ಕಿನಲ್ಲಿ ಒಂದು ಮಟಾಟು ನಮ್ಮ ಕಾರಿನ ಮೂತಿ ಸವರಿಕೊಂಡು ನುಗ್ಗಿದಾಗ ಕಿಟಕಿಯಿಂದ ಕೈ ಚಾಚಿ ಅದಕ್ಕೂ ಕೆಂಪು ತೋರಿಸಿದರು. ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರು ಗಣಪತಿಯನ್ನು ನೋಡಿ ಕೈ ಮುಗಿದ. ಭಿಕ್ಷೆ ಕೇಳುತ್ತಿದ್ದಾರೆ ಅಂದುಕೊಂಡನೋ, ಆಶೀರ್ವಾದ ಅಂದುಕೊಂಡನೋ!

ಈ ನಡುವೆ ಮಾವ ಒಂದು ಸಂಗತಿ ಪತ್ತೆ ಹಚ್ಚಿದರು. ಮರಿಯಾಮಾ ಒಬ್ಬಳೇ ನಡೆಯುವಾಗ ಎಡಗಾಲು ಹೆಚ್ಚು ಕಡಿಮೆ ಶಿಸ್ತಾಗಿಯೇ ಇರುತ್ತಿತ್ತು. ಹಿಂದಿನಿಂದ ಯಾರಾದರೂ ಬರುವ ಸದ್ದು ಕೇಳಿದರೆ ಮಾತ್ರ ಅವಳು ಗಾಬರಿಯಾಗಿ ಹಾರುತ್ತಿದ್ದಳು.

"ಹಾಗಾದ್ರೆ ಹಿಂದಿನಿಂದ ಯಾರಾದ್ರೂ ಬರ್ಬೇಕು, ದಿನಾ ಬರ್ಬೇಕು," ಎಂದು ಮಾವ ನನ್ನ ಕಡೆ ನೋಡಿದರು.

ನನ್ನ ವಿದ್ಯೆಗೆ ಜೀವಮಾನದಲ್ಲಿ ಮೊದಲ ಸಲ ಉದ್ಯೋಗ ಸಿಕ್ಕಿತು. ಬೆಳಗಾದರೆ ಅವಳ ಬೆನ್ನ ಹಿಂದೆ ನಾನು. ಒಂದು ದಿನ ಬುಸುಗುಟ್ಟುವ ದಪ್ಪ ಎದುರಾಳಿ, ಒಂದು ದಿನ ಪಟಪಟ ಹೆಜ್ಜೆಯ ಪುಟ್ಟ ಎದುರಾಳಿ, ಒಂದು ದಿನ ಇಡೀ ಕ್ರೀಡಾಂಗಣದ ಗದ್ದಲ. ಎಲ್ಲ ಉಸಿರೂ ಬೇರೆ ಬೇರೆ, ಎಲ್ಲವನ್ನೂ ಬಿಡಬೇಕಾದ ಎದೆ ಮಾತ್ರ ಒಂದೇ! ಅವಳು ನಡೆಯುತ್ತಿದ್ದಳು, ನಾನು ಓಡುತ್ತಿದ್ದೆ, ಆದರೂ ಹಿಂದೆ ಬೀಳುತ್ತಿದ್ದೆ. ಮೂರನೆಯ ದಿನಕ್ಕೆ ಬುಸುಗುಟ್ಟುವುದನ್ನು ಅಭಿನಯಿಸುವ ಅಗತ್ಯವೇ ಉಳಿಯಲಿಲ್ಲ. ಮರಿಯಾಮಾ ನಿಂತು, ಸೊಂಟಕ್ಕೆ ಕೈಯಿಟ್ಟು, "ಇವತ್ತಿನ ಎದುರಾಳಿ ಯಾರು? ಸಾಯುತ್ತಿರುವ ಹಸುವಾ?" ಎಂದಳು. ತಮಾಷೆ ಮಾಡುವವನನ್ನೇ ತಮಾಷೆ ಮಾಡಿಬಿಟ್ಟಳು. ಅವತ್ತು ನನಗೂ ಕೆಂಪು ಬಿತ್ತು, "ಉಸಿರಿನಲ್ಲಿ ನೈಜತೆ ಸಾಲದು" ಅಂತ.

ತಿಂಗಳು ಕಳೆಯುವ ಹೊತ್ತಿಗೆ ನಾನು ಹಿಂದೆ ಬಂದರೂ ಅವಳ ಎಡಗಾಲು ಅಲುಗದಂತಾಯಿತು. ಅತ್ತೆ ದಿನವೂ ಕುಡಿಸುತ್ತಿದ್ದ ರಾಗಿ ಅಂಬಲಿಯೇ ಕಾರಣ ಎಂದು ಅತ್ತೆ. ತಮ್ಮ ಕಣ್ಣು ಎಂದು ಮಾವ. ನನ್ನ ಶ್ವಾಸಕೋಶ ಎಂದು ನಾನು. ನಡೆದವಳು ಮಾತ್ರ ನಕ್ಕಳು.

ಹೊರಡುವ ದಿನ ಎಂಬಕಸಿಯ ವಿಮಾನ ನಿಲ್ದಾಣದಲ್ಲಿ ತಂಡದ ಉಳಿದವರನ್ನೂ ನೋಡಿದೆವು. ಊರಿನಿಂದ ಬಂದು ಇಲ್ಲಿ ವಿಮಾನ ಬದಲಿಸುವವರು, ಸಂಜೆಯವರೆಗೆ ಕಾಲ ಕಳೆಯಲು ಹೊರಗೆ ಬಂದಿದ್ದರು. ಎಲ್ಲರಿಗೂ ಒಂದೇ ಅಳತೆಯ ಹಸಿರು ಕೋಟು. ಓಟದ ಹುಡುಗನ ಕೋಟಿನಲ್ಲಿ ಇನ್ನೊಬ್ಬ ಓಟಗಾರ ಹಿಡಿಸುತ್ತಿದ್ದ, ಜೂಡೋ ಪಟುವಿನ ಕೋಟು ಗುಂಡಿ ಹಾಕಲು ಒಪ್ಪುತ್ತಿರಲಿಲ್ಲ. ಮಾವ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ನೋಡುತ್ತ ಬಂದಾಗ ಪಾಪ, ತಂಡದ ಮ್ಯಾನೇಜರು ಯಾರೋ ಭಾರತದ ಮಂತ್ರಿ ಇರಬೇಕೆಂದು ತಾನೂ ಸಾಲಿನಲ್ಲಿ ನಿಂತ!

ಅಷ್ಟರಲ್ಲಿ ಅತ್ತೆ ಡಬ್ಬಿ ತೆಗೆದರು. ಮೊಸರು, ಸಕ್ಕರೆ. ಪ್ರಯಾಣಕ್ಕೆ ಹೊರಟವರ ಬಾಯಿಗೆ ಒಂದು ಚಮಚ ಹಾಕದೆ ಕಳಿಸಿ ಅವರಿಗೆ ಅಭ್ಯಾಸವಿಲ್ಲ.

"ಅತ್ತೆ, ಏರ್‌ಪೋರ್ಟಲ್ಲಿ ಇದೆಲ್ಲಾ ಯಾಕೆ? ಏನ್ ಅಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಲಿ. ಬಾಯಿ ತೆಗಿಯಮ್ಮ."

ಮರಿಯಾಮಾ ಬಾಯಿ ತೆರೆದಳು. ಅವಳ ಹಿಂದಿದ್ದ ಜೂಡೋದವನೂ ತೆರೆದ. ಆಮೇಲೆ ಓಟದ ಹುಡುಗ, ಆಮೇಲೆ ಇನ್ನೊಬ್ಬಳು, ಕೊನೆಗೆ ಮ್ಯಾನೇಜರು. ಇದು ಏನೋ ಕಡ್ಡಾಯದ ಔಷಧ ಎಂದೇ ಅವನು ತಿಳಿದಿರಬೇಕು, ಕಣ್ಣು ಮುಚ್ಚಿಕೊಂಡು ನುಂಗಿದ. ಒಂದು ದೇಶದ ಇಡೀ ಕ್ರೀಡಾಶಕ್ತಿ ನಮ್ಮತ್ತೆಯ ಒಂದು ಡಬ್ಬಿ ಮೊಸರಿನಲ್ಲಿ ಮುಗಿದುಹೋಯಿತು.

ಮಾವ ಮರಿಯಾಮಾಗೆ ಶುಭಾಶಯ ಹೇಳಲಿಲ್ಲ. ಅವರಿಗೆ ಅದು ಬರುವುದಿಲ್ಲ. ಎಡಗಾಲಿನ ಬೂಟನ್ನೇ ನೋಡುತ್ತ, "ಹಿಂದಿನಿಂದ ಬರುವವರು ಬರುತ್ತಾರೆ. ಲೆಟ್ ದೆಮ್ ಗೋ. ಪೊಲೆ ಪೊಲೆ" ಅಂದರು. ಸ್ವಾಹಿಲಿಯಲ್ಲಿ ನಿಧಾನ, ನಿಧಾನ.

ಸ್ಪರ್ಧೆ ಒಂದು ಶನಿವಾರ ಸಂಜೆ. ನಮ್ಮ ಟೀವಿ ಚಾನೆಲ್ಲುಗಳಿಗೆ ನಡಿಗೆ ಯಾಕೆ ಬೇಕು? ನಾನು ಕೂಟದವರ ನೇರ ಪ್ರಸಾರವನ್ನು ಫೋನಿನಲ್ಲಿ ಹಿಡಿದು ಟೀವಿಗೆ ಜೋಡಿಸಿದೆ. ಇಪ್ಪತ್ತೈದು ಸುತ್ತು. ಮಾವ ಸ್ಟೂಲು ಎಳೆದುಕೊಂಡು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಅವರ ತಲೆಯ ಎರಡೂ ಪಕ್ಕದಲ್ಲಿ ಏನು ಕಾಣುತ್ತಿತ್ತೋ ಅಷ್ಟು ನನಗೂ ಅತ್ತೆಗೂ.

ಶುರುವಿನಿಂದಲೇ ಮರಿಯಾಮಾ ಹಿಂದಿನವರ ಗುಂಪಿನಲ್ಲಿದ್ದಳು. ಕೆಲವು ಸುತ್ತು ಕಳೆಯುವುದರಲ್ಲಿ ಒಂದು ಕೆಂಪು ಬಿತ್ತು. ಪರದೆಯ ಮೂಲೆಯ ಫಲಕದಲ್ಲಿ ಅವಳ ಸಂಖ್ಯೆಯ ಮುಂದೆ ಹಾವಿನಂಥದೊಂದು ಗುರುತು, ನೆಲ ಬಿಟ್ಟಳು ಅಂತ.

"ಸುಳ್ಳು!" ಅಂದೆ ನಾನು.

"ಸುಳ್ಳಲ್ಲ. ಬಿಟ್ಟಿದ್ದು ನಿಜ," ಎಂದರು ಮಾವ. ಇಂಥ ಹೊತ್ತಿನಲ್ಲಾದರೂ ಸುಳ್ಳು ಹೇಳಬಾರದೆ!

ಅರ್ಧ ದಾಟಿದ ಮೇಲೆ ಎರಡನೆಯದು. ಅತ್ತೆ ಎದ್ದು ದೇವರ ಮನೆಗೆ ಹೋಗಿ ಬಂದರು. ಇನ್ನೊಂದು ಬಿದ್ದರೆ ಮುಗಿಯಿತು. ಅವಳ ಹಿಂದೆ ಉಳಿದಿದ್ದವಳು ಒಬ್ಬಳೇ, ಯಾವುದೋ ದೊಡ್ಡ ದೇಶದ ಎತ್ತರದ ಹುಡುಗಿ. ಅವಳು ಹತ್ತಿರ ಬರತೊಡಗಿದಳು. ಮರಿಯಾಮಾಳ ಕತ್ತು ಒಂದು ಸಲ ಬಿಗಿಯಿತು. ಆ ಬಿಗಿತ ನನಗೆ ಗೊತ್ತು, ತಿಂಗಳೆಲ್ಲ ಅದರ ಹಿಂದೆ ಓಡಿದವನು ನಾನು. ಹಾರುವ ಮುಂಚಿನ ಬಿಗಿತ ಅದು.

"ಬರ್ಲಿ ಬಿಡು," ಎಂದರು ಮಾವ ಟೀವಿಗೆ. "ಹೋಗ್ಲಿ ಬಿಡಮ್ಮ. ಬಿಡು, ಬಿಡು."

ಬಿಟ್ಟಳು. ಎತ್ತರದ ಹುಡುಗಿ ದಾಟಿಕೊಂಡು ಹೋದಳು. ನಮ್ಮವಳು ಎಲ್ಲರಿಗಿಂತ ಕೊನೆಗೆ ಬಿದ್ದಳು, ಎಡಗಾಲನ್ನು ನೆಲದ ಮೇಲೆ ಊರಿ, ಮತ್ತೆ ಊರಿ.

ಅಷ್ಟರಲ್ಲಿ ಗೆದ್ದವಳು ಗೆರೆ ಮುಟ್ಟಿದಳು. ಕ್ಯಾಮೆರಾ ಅವಳ ಹಿಂದೆ ಹೋಯಿತು. ಬಾವುಟ, ಅಪ್ಪುಗೆ, ಕಣ್ಣೀರು. ಆ ಬಾವುಟದ ಅಂಚಿನಲ್ಲಿ, ದೂರದಲ್ಲಿ, ಕಡಲೆಕಾಳಿನಷ್ಟು ಹಸಿರು ಚುಕ್ಕೆಯೊಂದು ಸರಿಯುತ್ತಿತ್ತು. ಮಾವ ಅದರ ಮೇಲೆ ಬೆರಳಿಟ್ಟರು. ಚುಕ್ಕೆ ಸರಿದಂತೆ ಬೆರಳೂ ಸರಿಯಿತು. ಆಮೇಲೆ ಪ್ರಸಾರವೇ ಬದಲಾಗಿ ಈಜುಕೊಳ ಬಂತು. ಮಾವನ ಬೆರಳು ನೀರಿನ ಮೇಲೆ ನಿಂತಿತು.

ಫಲಿತಾಂಶ ಬರುವವರೆಗೆ ನಾನು ಫೋನನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ. ಆ ಮನೆಯಲ್ಲಿ ಅಷ್ಟು ಹೊತ್ತು ಯಾರನ್ನೂ ಯಾರೂ ಟೀಕಿಸದೆ ಇದ್ದದ್ದು ದಾಖಲೆಯೇ ಇರಬೇಕು. ಕೊನೆಗೆ ನನ್ನ ಫೋನಿನಲ್ಲಿ ಹೆಸರುಗಳು ಬಂದವು. ಎಲ್ಲಕ್ಕಿಂತ ಕೆಳಗೆ, ಎಲ್ಲರಿಗಿಂತ ತಡವಾಗಿ, ಮರಿಯಾಮಾ. ಹೆಸರಿನ ಮುಂದೆ ಸಮಯ ಇತ್ತು.

"ಮುಗಿಸಿದಾಳೆ ಮಾವ! ದಾಟಿದಾಳೆ!"

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

ಸ್ವಲ್ಪ ಹೊತ್ತಿಗೆ ಅವಳದೇ ಫೋನು. ಹಿಂದೆ ವಾದ್ಯದ ಸದ್ದು. "ಮ್ಝೇ, ನಿಮೆಶಿಕಾ ಮ್ಕಿಯಾ" ಎಂದು ನಕ್ಕಳು. ಬಾಲ ಹಿಡಿದೆ ಅಂತ. ಕೊನೆಯವರಾಗಿ ಬರುವುದಕ್ಕೆ ಸ್ವಾಹಿಲಿಯಲ್ಲಿ ಹಾಗನ್ನುತ್ತಾರೆ. ನಗು ಅರ್ಧಕ್ಕೇ ನಿಂತಿತು. ಅವಳು ಗೆರೆ ಮುಟ್ಟುವ ಹೊತ್ತಿಗೆ ಪದಕ ಕೊಡುವ ತಯಾರಿ ಶುರುವಾಗಿತ್ತಂತೆ. ಮೈಕಿನವನು ಗೆದ್ದವರ ಹೆಸರು ಹೇಳುತ್ತಿದ್ದನಂತೆ. "ನನ್ನ ಹೆಸರು ಯಾರೂ ಹೇಳಲಿಲ್ಲ ಮ್ಝೇ. ನನ್ನ ದೇಶದ್ದೂ ಹೇಳಲಿಲ್ಲ. ದಾಟಿದೆನಾ ಇಲ್ಲವಾ ಅಂತ ನನಗೇ ಅನುಮಾನ ಬಂತು."

ಮಾವ ಫೋನನ್ನು ನನ್ನ ಕೈಗೆ ತುರುಕಿದರು. "ಹೇಳೋ."

"ಏನ್ ಹೇಳ್ಲಿ ಮಾವ?"

"ಆ ಮೈಕಿನವನು ಏನ್ ಹೇಳ್ಬೇಕಿತ್ತೋ ಅದು. ಬೇಡದ ಹೊತ್ತಲ್ಲೆಲ್ಲಾ ಮಾಡ್ತೀಯಲ್ಲ, ಈಗ ಮಾಡು."

ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡು, ಮೈಕಿನವನ ದಪ್ಪ ಧ್ವನಿ ತೆಗೆದು, ಗಡಗಡನೆ ಶುರು ಮಾಡಿದೆ: "ಲೇಡೀಸ್ ಅಂಡ್ ಜಂಟಲ್‌ಮನ್, ಇದೀಗ ಕೊನೆಯ ತಿರುವಿನಲ್ಲಿ, ಕೊಮೊರೋಸ್ ದೇಶದ..." ಆ ಕಡೆಯಿಂದ ನಗು ಬರಲಿಲ್ಲ. ಬರೀ ಉಸಿರು ಕೇಳಿಸುತ್ತಿತ್ತು.

ಮಾವ ಕಣ್ಣು ಮುಚ್ಚಿಕೊಂಡಿದ್ದರು. ನನ್ನ ತೋಳಿನ ಮೇಲೆ ಕೈ ಇಟ್ಟರು.

"ನಿಧಾನ ಕಣೋ," ಅಂದರು. "ಅವಳಿನ್ನೂ ನಡೀತಿದಾಳೆ."